ಇಲ್ಲಿ ಕ್ಯಾಮೆರಾ ತರಬಾರದು

ಸ್ಟೋನಿ ಹಾರ್ಬರ್
೯ ಅಕ್ಟೋಬರ್ ೧೯೯೧

ಹಾಲ್ವರ್,

ನೀನು ಹೇಗಿದ್ದೀಯ ಎಂದು ಕೇಳುವ ಮನಸ್ಸಿಲ್ಲ, ಕೇಳುವುದೂ ಇಲ್ಲ. ಕೆರೆದಂಡೆಯ ಆ ಮನೆಗೆ ಒಂದು ಫೋನ್ ಹಾಕಿಸಿಕೋ ಎಂದು ಹೇಳಿ ಹೇಳಿ ನನ್ನ ಬಾಯಿ ಬತ್ತಿತು. ಫೋನಿದ್ದಿದ್ದರೆ ನಿನ್ನೆಯೇ ಬೈದು ಮುಗಿಸಿ ಹಾಯಾಗಿ ಮಲಗುತ್ತಿದ್ದೆ. ಈಗ ಬೈಗುಳವನ್ನೆಲ್ಲ ಕೂತು ಬರೆಯಬೇಕು, ಅದಕ್ಕೆ ಅಂಚೆಚೀಟಿ ಬೇರೆ ಅಂಟಿಸಬೇಕು.

ನಿನ್ನೆ ನೀನೂ ಬರಲಿಲ್ಲ, ಲೆಂಪಿಯೂ ಬರಲಿಲ್ಲ. ನಮ್ಮ ಮಂಗಳವಾರದ ಚಿತ್ರದ ಗುಂಪು ಶುರುವಾದ ದಿನದಿಂದ ಆ ಮರದ ಕಟ್ಟೆಯ ಮೇಲೆ ಬಟ್ಟೆ ಕಳಚಿ ಮಾಡೆಲ್ ಆಗಿ ನಿಂತವಳು ಅವಳು. ಜ್ವರ ಬಂದರೂ ಮೊದಲೇ ತಿಳಿಸುವವಳು. ಡಾಕ್ಟರ್ ನೈಗಾರ್ಡ್, ಬರ್ನಿಸ್, ಉಳಿದವರೆಲ್ಲ ಹಲಗೆ ಹಿಡಿದು ಖಾಲಿ ಕಟ್ಟೆಯನ್ನು ನೋಡುತ್ತ ಕೂತರು. ನಾನು ಸಭಾಭವನದ ಮಹಡಿಯಿಂದ ಕೆಳಗಿಳಿದು ಹೋಗಿ ಅವಳಿಗೆ ಫೋನ್ ಮಾಡಿದೆ. "ನಾನಿನ್ನು ಬರಲ್ಲ ಆರ್ಡಿಸ್. ಯಾಕೆ ಅಂತ ನಿಮ್ಮ ತಮ್ಮನ್ನ ಕೇಳಿ" ಎಂದು ಇಟ್ಟುಬಿಟ್ಟಳು.

ನಿನ್ನನ್ನು ಕೇಳುವ ಅಗತ್ಯ ಬೀಳಲಿಲ್ಲ. ಮೇಲೆ ಬಂದರೆ ಬರ್ನಿಸ್‌ಗೆ ಎಲ್ಲ ಗೊತ್ತಿತ್ತು. ಊರಿಗೇ ಗೊತ್ತಿದೆಯಂತೆ, ನನಗೊಬ್ಬಳಿಗೆ ಬಿಟ್ಟು. ಲೆಂಪಿ ನಮಗೆ ಬೆನ್ನು ಮಾಡಿ ನಿಂತಿದ್ದಾಗ ನೀನು ಊಟದ ಡಬ್ಬಿಯಿಂದ ಕ್ಯಾಮೆರಾ ತೆಗೆದು ಫೋಟೋ ಹೊಡೆದಿದ್ದೀಯ. ಹೀಟರ್ ಕೊಳವೆ ಡಣಡಣ ಬಡಿದುಕೊಳ್ಳುತ್ತಿತ್ತು, ನಮಗ್ಯಾರಿಗೂ ಕೇಳಿಸಲಿಲ್ಲ. ಅಷ್ಟಕ್ಕೆ ನಿಲ್ಲಿಸಿದೆಯಾ? ಆ ರೀಲನ್ನು ತೊಳೆಸಲು ನಮ್ಮೂರಿನ ಔಷಧಿ ಅಂಗಡಿಗೇ ಕೊಟ್ಟೆ! ನಿನ್ನ ಮೀನು, ನಿನ್ನ ದೋಣಿ, ನಿನ್ನ ನಾಯಿ, ನಡುವೆ ಮೈಮೇಲೆ ನೂಲಿಲ್ಲದ ಲೆಂಪಿ. ಅಂಗಡಿಯಲ್ಲಿ ಫೋಟೋ ತೊಳೆಯುವ ಹೆಂಗಸು ಲೆಂಪಿಯ ಜೊತೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳ ತಂಗಿ. ಸೊಂಟದವರೆಗಿನ ಆ ಜಡೆ, ಭುಜದ ಮೇಲಿನ ಆ ಸುಟ್ಟ ಕಲೆ ಈ ಊರಲ್ಲಿ ಇನ್ಯಾರಿಗಿದೆ?

ಬಾಗಿಲ ಪಕ್ಕದಲ್ಲಿ 'ಇಲ್ಲಿ ಕ್ಯಾಮೆರಾ ತರಬಾರದು' ಎಂದು ಬೋರ್ಡು ಇದೆ. ಜೀವಮಾನವೆಲ್ಲ ಅಂಗಡಿಗಳ ಬೋರ್ಡು ಬರೆದವಳು ನಾನು, ಅದನ್ನೂ ನಾನೇ ಬರೆದೆ. ಏಣಿ ಹಿಡಿದುಕೊಂಡು ನಿಂತಿದ್ದವನು ನೀನು!

ಲೆಂಪಿ ಬರದಿದ್ದರೆ ಮಂಗಳವಾರವಿಲ್ಲ. ಇಷ್ಟು ಸಣ್ಣ ಊರಲ್ಲಿ ಇನ್ನೊಬ್ಬರನ್ನು ಎಲ್ಲಿಂದ ಹುಡುಕಲಿ? ಅವಳಿಗೆ ಕಾಗದ ಬರೆ. ಅಲ್ಲಿಯವರೆಗೆ ನಿನ್ನ ಮುಖ ಇತ್ತ ತೋರಿಸಬೇಡ.

ಗ್ರಹಚಾರಕ್ಕೆ ನಿನ್ನ ಅಕ್ಕನಾದ
ಆರ್ಡಿಸ್


ಪೈಕ್ ಕೆರೆ
೧೪ ಅಕ್ಟೋಬರ್ ೧೯೯೧

ಅಕ್ಕ,

ನಿನ್ನ ಕಾಗದ ಓದಿ ನನ್ನ ನಾಯಿಯೂ ಮಂಚದ ಕೆಳಗೆ ಹೋಗಿ ಕೂತಿತು. ನಾನೇನು ಊರಿಗೆಲ್ಲ ಹಂಚಲು ಫೋಟೋ ತೆಗೆದೆನೇ? ನೀನೇ ಹೇಳಿದ್ದಲ್ಲವೇ, 'ಮನೆಯಲ್ಲೂ ಅಭ್ಯಾಸ ಮಾಡು, ವಾರಕ್ಕೊಂದು ಸಲ ಗೀಚಿದರೆ ಕೈ ಬರುವುದಿಲ್ಲ' ಎಂದು? ಇಲ್ಲಿ ಯಾರಿದ್ದಾರೆ ನನಗೆ ನಿಂತುಕೊಡಲು?

ಅಲ್ಲಿ ನೀನು ಇಪ್ಪತ್ತು ನಿಮಿಷಕ್ಕೆ ಗಂಟೆ ಬಾರಿಸುತ್ತೀಯ. ನಾನು ತಲೆ ಮುಗಿಸಿ ಭುಜಕ್ಕೆ ಬರುವಷ್ಟರಲ್ಲಿ ಲೆಂಪಿ ನಿಲುವಂಗಿ ಸುತ್ತಿಕೊಂಡು ಕಾಫಿ ಕುಡಿಯುತ್ತಿರುತ್ತಾಳೆ. ನನ್ನ ಹಾಳೆಗಳಲ್ಲಿ ಯಾರಿಗೂ ಕಾಲೇ ಇಲ್ಲ. ಡಾಕ್ಟರ್ ನೈಗಾರ್ಡ್ ನಗುತ್ತಾರೆ. ಅದಿರು ಹಡಗುಕಟ್ಟೆಯಲ್ಲಿ ವಯಸ್ಸೆಲ್ಲ ಕಳೆದು ಈಗ ಒಂದು ವಿದ್ಯೆ ಕಲಿಯೋಣ ಎಂದು ಬಂದವನು ನಾನು. ಫೋಟೋ ಅಲುಗಾಡುವುದಿಲ್ಲ, ಎಷ್ಟು ಹೊತ್ತು ನೋಡಿದರೂ ಬೇಸರ ಮಾಡಿಕೊಳ್ಳುವುದಿಲ್ಲ. ಕಲಿಯಲು ತಾನೇ ತೆಗೆದದ್ದು? ಅವಳ ಮುಖವೂ ಅದರಲ್ಲಿಲ್ಲ.

ಆ ಫೋಟೋ ನೋಡಿ ಬರೆದ ಚಿತ್ರವೊಂದನ್ನು ಇದರ ಜೊತೆ ಇಟ್ಟಿದ್ದೇನೆ. ಸಿಟ್ಟನ್ನು ಸ್ವಲ್ಪ ಪಕ್ಕಕ್ಕಿಟ್ಟು ನಿಜ ಹೇಳು, ಹೇಗಿದೆ? ಈ ಸಲ ಕಾಲೂ ಇವೆ.

ನಿನ್ನ ತಮ್ಮ
ಹಾಲ್ವರ್


ಸ್ಟೋನಿ ಹಾರ್ಬರ್
೧೮ ಅಕ್ಟೋಬರ್ ೧೯೯೧

ಹಾಲ್ವರ್,

ಮನೆಗೆ ಬೆಂಕಿ ಇಟ್ಟವನು, ಉರಿ ಹೇಗಿದೆ ಎಂದು ಕೇಳುತ್ತಿದ್ದಾನೆ! ನಿನ್ನ ಚಿತ್ರವನ್ನು ಹರಿದು ಹಾಕಬೇಕೆಂದೇ ಲಕೋಟೆ ಒಡೆದೆ. ಆದರೆ ತಪ್ಪು ಚಿತ್ರ ಕಂಡರೆ ತಿದ್ದದೆ ಬಿಡಲಾಗದ ಹಾಳು ಬುದ್ಧಿ ನನ್ನದು. ಅದಕ್ಕೇ ಹೇಳುತ್ತೇನೆ, ಕೇಳು.

ಕಾಲು ಇವೆ, ಸರಿ. ಹತ್ತಿರದ ಪಾದ ರೊಟ್ಟಿ ಹಿಟ್ಟಿನ ಉಂಡೆಯಷ್ಟು ದಪ್ಪಗಿದೆ. ಕ್ಯಾಮೆರಾಕ್ಕೆ ಒಂದೇ ಕಣ್ಣು, ಅದೂ ನಿನ್ನ ಮಂಡಿಯ ಮೇಲೆ ಕೂತಿತ್ತು. ಅದು ಹೇಳಿದ್ದನ್ನೆಲ್ಲ ನೀನು ನಂಬಿದೆ. ಬೆನ್ನಿನ ನೆರಳನ್ನು ಮಸಿ ಬಳಿದ ಹಾಗೆ ಬಳಿದಿದ್ದೀಯ. ಆ ನೆರಳಿನೊಳಗೆ ಪಕ್ಕೆಲುಬು ಇತ್ತು, ಗೋಡೆಯಿಂದ ಬಂದ ಬೆಳಕಿತ್ತು, ನೀನೂ ಅಲ್ಲೇ ಕೂತಿದ್ದೆ. ಎಲ್ಲಕ್ಕಿಂತ ಕೆಟ್ಟದ್ದು, ಇವಳು ನಿಂತಿಲ್ಲ. ಮೈಭಾರ ಯಾವ ಕಾಲಿನ ಮೇಲಿದೆ? ಗೊತ್ತಿಲ್ಲ. ಬಲ ಹಿಮ್ಮಡಿ ಯಾಕೆ ಎತ್ತಿದೆ? ಅದೂ ಗೊತ್ತಿಲ್ಲ. ಫೋಟೋದಲ್ಲಿತ್ತು, ಬರೆದೆ.

ಫೋಟೋ ನೋಡಿ ಬರೆಯಲೇಬಾರದು ಎಂದು ನಾನು ಯಾವತ್ತೂ ಹೇಳಿಲ್ಲ. ನಿನ್ನ ದೋಣಿಯ ಫೋಟೋ ಇದೆಯಲ್ಲ, ಅದನ್ನು ನೋಡಿ ಬರೆ. ಆಮೇಲೆ ಹೋಗಿ ದೋಣಿಯ ಪಕ್ಕದಲ್ಲೇ ಕೂತು ಬರೆ. ಎರಡನ್ನೂ ಗೋಡೆಗೆ ಅಂಟಿಸಿ ನೋಡು. ಹಲಗೆ ಹೇಗೆ ಜೋಡಿಸಿದ್ದಾರೆ ಎಂದು ಫೋಟೋ ಹೇಳುತ್ತದೆ. ದೋಣಿ ನೀರಿನಲ್ಲಿ ಹೇಗೆ ಕೂರುತ್ತದೆ ಎಂಬುದನ್ನು ನೀನೇ ನೋಡಬೇಕು. ಮಾಡೆಲ್ ಇಲ್ಲ ಎಂದು ಅಳುತ್ತೀಯ, ನಿನಗೆ ಎಡಗೈ ಇಲ್ಲವೇ? ಮೂರು ಹೊತ್ತೂ ಮಲಗುವ ನಾಯಿ ಇಲ್ಲವೇ? ಒಂದೊಂದು ನಿಮಿಷದಲ್ಲಿ ಒಂದೊಂದು ಗೆರೆಚಿತ್ರ, ಅಳಿಸುವಂತಿಲ್ಲ. ನಾಯಿ ಎದ್ದು ಹೋದರೆ ಬೈಯಬೇಡ, ಹೊಸ ಹಾಳೆ ತೆಗೆದುಕೋ.

ಲೆಂಪಿಗೆ ಬರೆದೆಯಾ? ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದಿದ್ದೀಯ.

ಆರ್ಡಿಸ್


ಪೈಕ್ ಕೆರೆ
೨೬ ಅಕ್ಟೋಬರ್ ೧೯೯೧

ಶ್ರೀಮತಿ ಲೆಂಪಿ ಕಿವೆಲಾ ಅವರಿಗೆ,

ನಾನು ಫೋಟೋ ತೆಗೆದದ್ದರಿಂದ ನಿಮಗೆ ಬೇಸರವಾಗಿದ್ದರೆ ಕ್ಷಮಿಸಿ. ಕೆಟ್ಟ ಉದ್ದೇಶ ಇರಲಿಲ್ಲ. ಅಭ್ಯಾಸಕ್ಕೆಂದು ತೆಗೆದದ್ದು, ಮುಖವೂ ಕಾಣುವುದಿಲ್ಲವಲ್ಲ. ಅಂಗಡಿಯವಳು ಹೀಗೆ ಬಾಯಿ ಬಿಡುತ್ತಾಳೆ ಎಂದು ಗೊತ್ತಿದ್ದರೆ ರೀಲನ್ನು ದೂರದ ಡುಲುತ್ ಪಟ್ಟಣಕ್ಕೆ ಒಯ್ದು ಕೊಡುತ್ತಿದ್ದೆ.

ನೀವು ಬರದೆ ಇದ್ದರೆ ಅಕ್ಕನ ಗುಂಪು ಮುಚ್ಚಿಹೋಗುತ್ತದೆ. ದಯವಿಟ್ಟು ಬನ್ನಿ. ನನ್ನ ಗೌರವದ ಗುರುತಾಗಿ ನಿಮ್ಮ ಚಿತ್ರವೊಂದನ್ನು ಕಳಿಸುತ್ತಿದ್ದೇನೆ. ಪಾದವನ್ನು ಅಕ್ಕ ಹೇಳಿದ ಹಾಗೆ ತಿದ್ದಿದ್ದೇನೆ.

ಹಾಲ್ವರ್ ಟೊಲೆಫ್ಸನ್


ಸ್ಟೋನಿ ಹಾರ್ಬರ್
೯ ನವೆಂಬರ್ ೧೯೯೧

ಹಾಲ್ವರ್ ಅವರೇ,

ಹಿಮ ಬಿದ್ದು ರಸ್ತೆ ಕಟ್ಟಿದ್ದರಿಂದ ನಿಮ್ಮ ಕಾಗದ ತಡವಾಗಿ ತಲುಪಿತು. ತಲುಪದೆ ಇದ್ದಿದ್ದರೂ ಆಗುತ್ತಿತ್ತು.

ಚಿತ್ರವನ್ನು ವಾಪಸ್ ಕಳಿಸಿದ್ದೇನೆ. ಪಾದ ಸರಿಯಾಗಿದೆಯೋ ಇಲ್ಲವೋ ನಾನು ನೋಡಲಿಲ್ಲ. ಡುಲುತ್‌ಗೆ ಒಯ್ಯುತ್ತಿದ್ದೆ ಎಂದು ಬರೆದಿದ್ದೀರಿ. ಅಂದರೆ ಅಲ್ಲಿನ ಅಂಗಡಿಯವರು ನೋಡಿದ್ದರೆ ಪರವಾಗಿರಲಿಲ್ಲ, ಅಲ್ಲವೇ?

ಮುಖ ಕಾಣುವುದಿಲ್ಲ ಎಂದಿರಿ. ಹಾಲಿನ ವ್ಯಾನು ಓಡಿಸುವವನಿಗೆ ಹೇಗೋ ಕಂಡಿದೆ. ಶಾಲೆಯ ಹಿಂಬಾಗಿಲಲ್ಲಿ ಡಬ್ಬಿ ಇಳಿಸುತ್ತ, "ಏನಮ್ಮಾ ಲೆಂಪಿ, ಚಳಿಗಾಲ ಬಂತಲ್ಲ, ಈಗಲಾದ್ರೂ ಏನಾದ್ರೂ ಹಾಕ್ಕೋತೀಯೋ ಹೇಗೆ?" ಎಂದ. ಪಾತ್ರೆ ತೊಳೆಯುವವರೆಲ್ಲ ನೀರಿನ ನಲ್ಲಿ ಜೋರಾಗಿ ಬಿಟ್ಟು ನಕ್ಕರು. ನಾನು ಆ ದಿನ ಮುನ್ನೂರು ಮಕ್ಕಳಿಗೆ ಸಾರು ಬಡಿಸಬೇಕಿತ್ತು. ಬಡಿಸಿದೆ.

ನೀವು ಕೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆ. ಅದು ನಿಮಗೆ ಗೊತ್ತಿತ್ತು. ಅದಕ್ಕೇ ನೀವು ಕೇಳಲಿಲ್ಲ. ಉದ್ದೇಶ ಕೆಟ್ಟದ್ದಲ್ಲ ಎಂದು ದಯವಿಟ್ಟು ಇನ್ನೊಮ್ಮೆ ಬರೆಯಬೇಡಿ.

ನನಗೆ ಕ್ಷಮಾಪಣೆ ಬೇಡ. ನೆಗೆಟಿವ್ ಬೇಕು, ಫೋಟೋ ಬೇಕು, ಅದನ್ನು ನೋಡಿ ಬರೆದ ಹಾಳೆಗಳೆಲ್ಲ ಬೇಕು.

ಲೆಂಪಿ ಕಿವೆಲಾ


ಪೈಕ್ ಕೆರೆ
೧೫ ನವೆಂಬರ್ ೧೯೯೧

ಅಕ್ಕ,

ಲೆಂಪಿ ಕೇಳಿದ್ದನ್ನೆಲ್ಲ ಕಟ್ಟಿ ಕಳಿಸಿದೆ. ಒಂದು ಚೂರನ್ನೂ ಇಟ್ಟುಕೊಂಡಿಲ್ಲ. ಅವಳ ಕಾಗದವನ್ನು ನಿನಗೆ ತೋರಿಸುವ ಧೈರ್ಯ ನನಗಿಲ್ಲ. ನೀನು ಬೈದರೆ ನನಗೆ ಅಭ್ಯಾಸವಿದೆ, ಅವಳು ಬೈಯಲೂ ಇಲ್ಲ.

ಬೇರೆ ಕೆಲಸವಿಲ್ಲದೆ ನೀನು ಹೇಳಿದ್ದನ್ನು ಮಾಡುತ್ತಿದ್ದೇನೆ. ಎಡಗೈ, ಬೂಟು, ಒಲೆ, ನಾಯಿ. ನಿನಗೆ ಗೊತ್ತೇ, ನಾನು ಪೆನ್ಸಿಲ್ ಎತ್ತಿದ ಕೂಡಲೇ ಇದು ಮಗ್ಗುಲು ಬದಲಿಸುತ್ತದೆ. ಬೇಕೆಂದೇ ಮಾಡುತ್ತದೆ ಎಂದು ನನ್ನ ಅನುಮಾನ. ದೋಣಿಯನ್ನೂ ಎರಡು ಥರ ಬರೆದೆ. ಫೋಟೋ ನೋಡಿ ಬರೆದದ್ದು ಅಂದವಾಗಿದೆ. ಹಿಮದಲ್ಲಿ ಕೂತು, ಬೆರಳು ಮರಗಟ್ಟಿ ಬರೆದದ್ದು ಕುರೂಪವಾಗಿದೆ, ಆದರೆ ಹತ್ತಿ ಕೂತರೆ ಮುಳುಗುವುದಿಲ್ಲ ಅನ್ನಿಸುತ್ತದೆ. ಎಲ್ಲವನ್ನೂ ಕಳಿಸಿದ್ದೇನೆ. ಎಷ್ಟು ಬೇಕಾದರೂ ತಿದ್ದು.

ಹಾಲ್ವರ್


ಸ್ಟೋನಿ ಹಾರ್ಬರ್
೨೨ ನವೆಂಬರ್ ೧೯೯೧

ಹಾಲ್ವರ್,

ಅವಳಿಗೆ ಚಿತ್ರ ಕಳಿಸಿದ್ದೆಯಂತೆ! ಉಡುಗೊರೆಯಾಗಿ! ದಾರಿಯಲ್ಲಿ ಸಿಕ್ಕಾಗ ಲೆಂಪಿಯೇ ಹೇಳಿದಳು. ನಾನು ಅಲ್ಲೇ ಹಿಮದ ಗುಡ್ಡೆಯ ಮೇಲೆ ಕೂತುಬಿಟ್ಟೆ. ನಮ್ಮಪ್ಪ ಅಮ್ಮ ನಿನ್ನನ್ನು ಹೆತ್ತದ್ದೋ, ಎಲ್ಲಾದರೂ ಎತ್ತಿಕೊಂಡು ಬಂದದ್ದೋ?

ಇಲ್ಲಿನ ಕಥೆ ಕೇಳು. ಸಭಾಭವನದ ಗೋಡೆಯ ಮೇಲೆ ತೂಗುಹಾಕಿದ್ದ, ಹುಲ್ಲು ತುಂಬಿದ ಮೂಸ್ ಕಡವೆಯ ತಲೆಯನ್ನು ಇಳಿಸಿಕೊಂಡು ನಾವೆಲ್ಲ ಮೂರು ವಾರದಿಂದ ಅದನ್ನೇ ಬರೆಯುತ್ತಿದ್ದೇವೆ. ಅದರ ಒಂದು ಗಾಜಿನ ಕಣ್ಣು ಬಿದ್ದುಹೋಗಿದೆ. "ಪತ್ರಿಕೆಯಿಂದ ಫೋಟೋ ಕತ್ತರಿಸಿಕೊಂಡು ಬರೋಣ್ವಾ?" ಎಂದು ಬರ್ನಿಸ್ ಕೇಳಿದಳು. ಫೋಟೋ ಎಂಬ ಮಾತು ಕೇಳಿದ್ದೇ ನಾನು ಕೂಗಾಡಿದೆ. ಪಾಪ, ಅವಳು ಅತ್ತಳು. ಇಬ್ಬರು ಬರುವುದನ್ನೇ ನಿಲ್ಲಿಸಿದ್ದಾರೆ. ಕ್ರಿಸ್‌ಮಸ್ ಆದಮೇಲೂ ಹೀಗೇ ಆದರೆ ಬೀಗ ಹಾಕುತ್ತೇನೆ. ನನಗೆ ಈ ಮಂಗಳವಾರ ಬಿಟ್ಟರೆ ವಾರದಲ್ಲಿ ಎದುರು ನೋಡುವುದು ಏನಿದೆ ಹೇಳು?

ನಿನ್ನ ಹಾಳೆಗಳನ್ನು ನೋಡಿದೆ. ಒಲೆ ವಾಲಿದೆ. ಎಡಗೈಗೆ ಮೂಳೆಯೇ ಇಲ್ಲ. ನಾಯಿಯ ಬೆನ್ನಿನ ಗೆರೆಯೊಂದಿದೆ, ಒಂದೇ ಗೆರೆ, ಕಿವಿಯಿಂದ ಬಾಲದವರೆಗೆ. ಅದನ್ನು ನಾನು ಬರೆದಿದ್ದರೂ ಆಗುತ್ತಿತ್ತು. ಇದಕ್ಕಿಂತ ಹೆಚ್ಚು ಹೊಗಳಿಸಿಕೊಳ್ಳುವ ಆಸೆ ಬೇಡ.

ಡಿಸೆಂಬರ್ ಮೂರನೇ ತಾರೀಕು ಬಾ. ಹಲಗೆ ತರಬೇಡ, ಪೆನ್ಸಿಲ್ ತರಬೇಡ. ಕಟ್ಟೆ ಖಾಲಿಯಿದೆ, ಖಾಲಿ ಮಾಡಿದವನು ನೀನು. ಹತ್ತಿ ನಿಂತುಕೋ.

ಆರ್ಡಿಸ್


ಪೈಕ್ ಕೆರೆ
೫ ಡಿಸೆಂಬರ್ ೧೯೯೧

ಅಕ್ಕ,

ಮೊನ್ನೆ ನಾನು ಮಾತಾಡದೆ ಎದ್ದು ಬಂದೆ. ನಿನಗೆ ಸಿಟ್ಟು ಬಂದಿರಬೇಕು. ಬಾಯಲ್ಲಿ ಹೇಳಲು ಆಗುತ್ತಿರಲಿಲ್ಲ, ಬರೆಯುತ್ತೇನೆ.

ಮೊದಲು ನಾಚಿಕೆಯಾಯಿತು, ನಿಜ. ನಿಲುವಂಗಿಯ ದಾರವನ್ನು ಎರಡು ಸಲ ಬಿಚ್ಚಿ ಮತ್ತೆ ಕಟ್ಟಿಕೊಂಡೆ. ಕೈ ಎತ್ತಿ ನಿಲ್ಲಬೇಡ, ಸುಸ್ತಾಗುತ್ತದೆ ಎಂದು ನೀನು ಹೇಳಿದ್ದೆ. ನಾನು ಶೂರನ ಹಾಗೆ ಎತ್ತಿಯೇ ನಿಂತೆ. ಸ್ವಲ್ಪ ಹೊತ್ತಿಗೆ ತೋಳು ನನ್ನದಲ್ಲ ಅನ್ನಿಸಿತು. ಮೂಗು ಕೆರೆಯಿತು. ಭಾರವೆಲ್ಲ ಎಡಗಾಲಿಗೆ ಬಂತು, ಬಲ ಹಿಮ್ಮಡಿ ತಾನಾಗಿಯೇ ಮೇಲೆದ್ದಿತು. ಆ ಹಿಮ್ಮಡಿ ಯಾಕೆ ಎತ್ತಿದೆ ಎಂದು ನೀನು ಕೇಳಿದ್ದೆಯಲ್ಲ, ಉತ್ತರ ಕಾಲಿಗೇ ಗೊತ್ತಾಯಿತು. ಇಷ್ಟು ನೋವಿನಲ್ಲಿ ಅವಳು ನಿಂತಿದ್ದಾಗ ನಾನು ಡಬ್ಬಿಯೊಳಗೆ ಕೈ ಹಾಕಿ ಹುಡುಕುತ್ತಿದ್ದೆ.

ವಿಚಿತ್ರವೇನೆಂದರೆ ನಾಚಿಕೆ ಹೋಯಿತು. "ಮಂಡಿ ಅಲ್ಲೆಲ್ಲಿದೆ ಬರ್ನಿಸ್, ಇನ್ನೂ ಕೆಳಗೆ ನೋಡು!" ಎಂದು ಡಾಕ್ಟರ್ ನೈಗಾರ್ಡ್ ಜಗಳಕ್ಕೆ ಬಿದ್ದರು. "ಕೆಳಗೆ ತಂದ್ರೆ ಈ ಹೊಟ್ಟೆನ ಎಲ್ಲಿಡ್ಲಿ?" ಎಂದಳು ಅವಳು. ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ನನ್ನ ಹೊಟ್ಟೆಯ ಬಗ್ಗೆ ಮಾತಾಡಿಕೊಂಡರು. ನನಗೆ ಅದು ಹಿತವಾಗಿತ್ತು. ಅವರು ಕಷ್ಟಪಡುತ್ತಿದ್ದರು, ನಾನೂ ಕಷ್ಟಪಡುತ್ತಿದ್ದೆ.

ಆಗ ಬಾಗಿಲು ತೆರೆಯಿತು. ಕಸ ಗುಡಿಸುವ ಸ್ವೆಂಡ್, ಹೀಟರ್ ವಿಷಯ ಕೇಳಲು ಬಂದವನು. ತಲೆ ಹಾಕಿದ, ನನ್ನನ್ನು ಮೇಲಿಂದ ಕೆಳಗೆ ನೋಡಿದ, ಕಿಸಕ್ಕನೆ ನಕ್ಕ, ಹೋದ. ಅಷ್ಟೇ. ನಾನು ಪಕ್ಕದ ಕಾಫಿ ಮೇಜಿನ ಬಟ್ಟೆ ಎಳೆದುಕೊಂಡು ಕಟ್ಟೆಯಿಂದ ಬಿದ್ದದ್ದನ್ನು ನೀವೆಲ್ಲ ನೋಡಿದಿರಿ. ಮತ್ತೆ ಹತ್ತಲು ಯಾಕೆ ಆಗಲಿಲ್ಲ ಎಂದು ನಿಮಗೆ ತಿಳಿದಿರಲಿಕ್ಕಿಲ್ಲ. ನೀವು ಅಷ್ಟು ಹೊತ್ತು ನೋಡಿದ್ದು ಮೈಗೆ ಅಂಟಲಿಲ್ಲ ಅಕ್ಕ. ಅವನು ನೋಡಿದ ಆ ಕ್ಷಣ ಸ್ನಾನ ಮಾಡಿದರೂ ಹೋಗುತ್ತಿಲ್ಲ. ನಿನ್ನೆ ಪೆಟ್ರೋಲ್ ಹಾಕಿಸಲು ಹೋದರೆ ಅಲ್ಲಿದ್ದವನು ನನ್ನ ಹೊಟ್ಟೆ ನೋಡಿ ನಗು ತಡೆಯಲು ತುಟಿ ಕಚ್ಚಿಕೊಂಡ.

ಮುಂದಿನ ಮಂಗಳವಾರ ಮತ್ತೆ ನಿಲ್ಲುತ್ತೇನೆ. ಬಾಗಿಲಿಗೆ ಒಂದು ಚಿಲಕ ಹಾಕಿಸು. ಅದನ್ನು ನಾವು ಎಂದೋ ಹಾಕಿಸಬೇಕಿತ್ತು, ಲೆಂಪಿಗೋಸ್ಕರ.

ಹಾಲ್ವರ್


ಪೈಕ್ ಕೆರೆ
೮ ಡಿಸೆಂಬರ್ ೧೯೯೧

ಲೆಂಪಿ ಅವರೇ,

ನಿಮ್ಮನ್ನು ಕೇಳದೆ ನಿಮ್ಮ ಫೋಟೋ ತೆಗೆದೆ. ನೀವು ಬೇಡ ಎನ್ನುತ್ತೀರಿ ಎಂದು ಗೊತ್ತಿದ್ದೇ ತೆಗೆದೆ. ಆ ಕೊಳವೆ ಸದ್ದು ಮಾಡಲಿ ಎಂದು ಕಾದು ತೆಗೆದೆ. ಇದನ್ನು ನಾನು ಅಕ್ಕನಿಗೂ ಹೇಳಿಲ್ಲ.

ನನ್ನಿಂದ ನಿಮಗೆ ಅವಮಾನವಾಯಿತು. ನಾನು ಈಗ ಕಟ್ಟೆಯ ಮೇಲೆ ನಿಲ್ಲುತ್ತಿದ್ದೇನೆ, ಆದರೆ ಅದು ಇದಕ್ಕೆ ಸಮವಲ್ಲ. ನಾನು ಒಪ್ಪಿಕೊಂಡು ಹತ್ತಿದವನು. ನೀವು ಮರಳಿ ಬರುವುದಾದರೆ ನಾನು ಆ ಮಹಡಿಗೆ ಕಾಲಿಡುವುದಿಲ್ಲ. ಉತ್ತರ ಬರೆಯಬೇಕೆಂದಿಲ್ಲ.

ಹಾಲ್ವರ್


ಸ್ಟೋನಿ ಹಾರ್ಬರ್
೧೬ ಜನವರಿ ೧೯೯೨

ಹಾಲ್ವರ್,

ಮಾಡೆಲ್ ಆದವನು ಬಾಯಿ ಮುಚ್ಚಿಕೊಂಡಿರಬೇಕು ಎಂದು ಎಷ್ಟು ಸಲ ಹೇಳಲಿ? "ಬರ್ನಿಸ್, ಆ ನೆರಳನ್ನ ಅಷ್ಟು ಕಪ್ಪು ಮಾಡ್ಬೇಡ" ಎಂದು ಕಟ್ಟೆಯ ಮೇಲಿಂದ ಪಾಠ ಮಾಡಲು ನಿನಗೆ ಯಾರು ಹೇಳಿದರು? ಅವಳು ನೀನು ಹೇಳಿದ್ದನ್ನು ಕೇಳಿದಳು, ಚಿತ್ರ ಸುಧಾರಿಸಿತು, ಅದೇ ನನಗೆ ಇನ್ನೂ ಉರಿ.

ನೀನು ಬಿಟ್ಟುಹೋದ ಹಾಳೆಗಳನ್ನು ನೋಡಿದೆ. ಎಡಗೈಗೆ ಮೂಳೆ ಬಂದಿದೆ. ಬೂಟಿನೊಳಗೆ ಕಾಲು ಇತ್ತು ಎಂದು ತಿಳಿಯುತ್ತದೆ. ನಿಂತುಕೊಂಡ ಮನುಷ್ಯನನ್ನು ಬರೆಯಲು ನಿನಗೆ ಈಗ ಬರುತ್ತದೆ ಎಂದು ನನಗೆ ತೋರುತ್ತದೆ, ಬರೆಯಲು ಯಾರೂ ಇಲ್ಲದಿರುವಾಗ. ಇದನ್ನು ಬರೆಯುತ್ತ ನನಗೆ ಅಳು ಬಂತು, ಸಿಟ್ಟೂ ಬಂತು. ಗುಂಪು ಇನ್ನೊಂದು ತಿಂಗಳು ಹೇಗೋ ನಡೆದೀತು. ನಿನ್ನ ಹೊಟ್ಟೆಯನ್ನು ಎಲ್ಲರೂ ಕಂಠಪಾಠ ಮಾಡಿಯಾಗಿದೆ.

ಲೆಂಪಿ ಏನೂ ಹೇಳಿಲ್ಲ. ಪ್ರತಿ ಸಲ ಕೇಳಬೇಡ.

ಆರ್ಡಿಸ್


ಸ್ಟೋನಿ ಹಾರ್ಬರ್
೬ ಫೆಬ್ರವರಿ ೧೯೯೨

ಹಾಲ್ವರ್ ಅವರೇ,

ನೆಗೆಟಿವ್ ಒಲೆಗೆ ಹಾಕಿದೆ, ಹಾಳೆಗಳನ್ನೂ. ನಿಮ್ಮ ಎರಡನೇ ಕಾಗದವನ್ನು ಹಾಕಲಿಲ್ಲ.

ನೀವು ಕಟ್ಟೆಯಿಂದ ಬಿದ್ದ ಕಥೆಯನ್ನು ಸ್ವೆಂಡ್ ನಮ್ಮ ಅಡುಗೆಮನೆಗೂ ಬಂದು ಹೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನನ್ನ ಮೇಲೇ ನನಗೆ ಸಿಟ್ಟು ಬಂತು. "ನಗೋಕೆ ಏನಿದೆ ಅದರಲ್ಲಿ, ಹೋಗಿ ನಿನ್ನ ಕೆಲಸ ನೋಡ್ಕೋ" ಎಂದು ಅವನನ್ನು ಅಟ್ಟಿದೆ. ಹಾಲಿನವನೂ ಅಲ್ಲೇ ಇದ್ದ. ಅವನಿಗೂ ಸೇರಿಸಿಯೇ ಹೇಳಿದೆ. ಅವನು ಅವತ್ತಿನಿಂದ ಡಬ್ಬಿ ಇಳಿಸಿ ಸುಮ್ಮನೆ ಹೋಗುತ್ತಾನೆ. ಆದರೂ ನನ್ನ ಜಡೆಯನ್ನು ಕೋಟಿನೊಳಗೆ ಹಾಕಿಕೊಂಡೇ ಓಡಾಡುತ್ತೇನೆ. ಇಷ್ಟು ಬೇಗ ಅದು ಹೋಗುವುದಿಲ್ಲ.

ಮಂಗಳವಾರ ನಾನು ಬರುತ್ತೇನೆ. ನಿಮಗಾಗಿ ಅಲ್ಲ, ಆರ್ಡಿಸ್‌ಗಾಗಿಯೂ ಅಲ್ಲ. ದಿನವಿಡೀ ಎಲ್ಲರೂ ನನ್ನನ್ನು ಅದು ಕೊಡು, ಇದು ಕೊಡು ಎನ್ನುತ್ತಾರೆ. ಆ ಕಟ್ಟೆಯ ಮೇಲೆ ಇಪ್ಪತ್ತು ನಿಮಿಷ ಯಾರೂ ಏನೂ ಕೇಳುವುದಿಲ್ಲ, ನಾನು ನಿಂತರೆ ಸಾಕು. ಅದು ನನ್ನದಾಗಿತ್ತು. ನಿಮ್ಮ ಒಂದು ಫೋಟೋಗೆ ಅದನ್ನು ಬಿಟ್ಟುಕೊಟ್ಟು ಮನೆಯಲ್ಲಿ ಕೂರುವುದು ನನಗೆ ಸಾಕಾಗಿದೆ.

ನಾನು ಬಂದರೆ ನೀವು ಬರುವುದಿಲ್ಲ ಎಂದು ಬರೆದಿದ್ದೀರಿ. ಅದು ಆಗುವುದಿಲ್ಲ. ನೀವು ಅಲ್ಲಿಲ್ಲದಿದ್ದರೆ ಎಲ್ಲಿದ್ದೀರೋ, ಏನು ಮಾಡುತ್ತಿದ್ದೀರೋ ಎಂದು ಯೋಚಿಸುತ್ತ ನಿಲ್ಲಬೇಕಾಗುತ್ತದೆ. ನೀವು ಬನ್ನಿ, ಹಲಗೆ ತನ್ನಿ, ಎಲ್ಲರಿಗಿಂತ ಮುಂದೆ ಕೂತುಕೊಳ್ಳಿ. ಈ ಸಲ ನಾನು ನಿಮ್ಮ ಕಡೆಗೇ ಮುಖ ಮಾಡಿ ನಿಲ್ಲುತ್ತೇನೆ. ಬರೆಯುವಷ್ಟು ಹೊತ್ತೂ ನಿಮ್ಮ ಎರಡು ಕೈಗಳು ನನಗೆ ಕಾಣುತ್ತಿರಬೇಕು.

ಲೆಂಪಿ